ನಾಲ್ಕು ಹೊಟ್ಟೆಯ ಹೊಟ್ಟೆಪಾಡು

ನಗು ಬೇಕೆಂದು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. "ಏನು ಕೆಲಸ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ಸಾಕು, ಒಂದು ಪ್ರಸಂಗ ತಾನಾಗಿಯೇ ಶುರುವಾಗುತ್ತದೆ. ನಾನು ಸುಳ್ಳು ಹೇಳುವವಳಲ್ಲ. "ಹೊಟ್ಟೆ ಮಾಡ್ತೀನಿ" ಎನ್ನುತ್ತೇನೆ. ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ. ಅದೂ ಈಚೆಗೆ ಸ್ವಲ್ಪ ಮುಂದೆ ಬಂದಿರುವುದರಿಂದ ನಂಬಿಬಿಡುತ್ತಾರೆ.

ವಿಷಯ ಇಷ್ಟೇ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ ನಮ್ಮದೊಂದು ಸಣ್ಣ ಶೆಡ್ಡಿದೆ. ನಮ್ಮದು ಎಂದರೆ ನನ್ನದು ಮತ್ತು ಭಾಯ್‌ದು. ನಾನು ಡಿಪ್ಲೊಮಾ ಓದಿ ಮೀಟರು, ವಾಲ್ವುಗಳ ಜೊತೆ ಅರ್ಧ ಆಯಸ್ಸು ಕಳೆದವಳು. ಭಾಯ್ ರಾಮನಗರದ ರೇಷ್ಮೆ ರೀಲಿಂಗ್ ಮನೆತನದವರು. ಗೂಡು ಬೇಯಿಸುವ ತೊಟ್ಟಿ, ನೂಲು ಸುತ್ತುವ ಚಕ್ರ ಇವುಗಳ ನಡುವೆಯೇ ಬೆಳೆದವರು. ಇಬ್ಬರೂ ಸೇರಿ ಲ್ಯಾಬುಗಳಿಗೆ ಬೇಕಾದ ಚಿಲ್ಲರೆ ಸಾಮಾನು ಮಾಡಿಕೊಂಡು ತೆಪ್ಪಗಿದ್ದೆವು. ಆಗ ಡಾಕ್ಟ್ರಮ್ಮ ಬಂದರು.

ಡಾಕ್ಟ್ರಮ್ಮ ಎಂದರೆ ದನಗಳ ಮೇವಿನ ಮೇಲೆ ಸಂಶೋಧನೆ ಮಾಡುವ ಮೇಡಂ. ನಮ್ಮ ಜಿಲ್ಲೆಯಲ್ಲಿ ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಸೊಪ್ಪು ರಾಶಿಗಟ್ಟಲೆ ಬೀಳುತ್ತದಲ್ಲ, ಅದನ್ನು ಹಸುಗಳಿಗೆ ಎಷ್ಟು ಹಾಕಬಹುದು, ಹೇಗೆ ಹಾಕಬಹುದು ಎಂದು ಕಂಡುಹಿಡಿಯಬೇಕೆಂಬುದು ಅವರ ಆಸೆ. ಅದಕ್ಕೆ ಹಸುವಿನ ಹೊಟ್ಟೆಯಂತೆಯೇ ಕೆಲಸ ಮಾಡುವ ಯಂತ್ರ ಬೇಕು. ಹಸುವಿನ ಮೈಬಿಸಿಯಷ್ಟೇ ಬಿಸಿಯಾದ ನೀರಿನ ತೊಟ್ಟಿ. ಅದರಲ್ಲಿ ನಾಲ್ಕು ಗಾಜಿನ ಜಾಡಿ. ಜಾಡಿಯೊಳಗೆ ನಿಜವಾದ ಹಸುವಿನ ಹೊಟ್ಟೆಯಿಂದ ತಂದ ರಸ, ಅದರಲ್ಲಿ ಮೇವನ್ನು ಕೊಳೆಸಿ ಅರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಮೇವು ತುಂಬಿದ ಬಟ್ಟೆಚೀಲ ಮೇಲೆ ಕೆಳಗೆ ಆಡುತ್ತಿರಬೇಕು. ಹೊರಡುವ ಗ್ಯಾಸು ಒಂದು ಚೀಲದಲ್ಲಿ ತುಂಬಿಕೊಳ್ಳಬೇಕು. ಹಸುವಿಗೆ ನಾಲ್ಕು ಹೊಟ್ಟೆ ಎಂದು ಜಾಡಿ ನಾಲ್ಕಲ್ಲ. ನಾಲ್ಕೂ ಅದರ ಮೊದಲನೆಯ ದೊಡ್ಡ ಹೊಟ್ಟೆಯೇ, ನಾಲ್ಕು ಬಗೆಯ ಮೇವನ್ನು ಒಟ್ಟಿಗೆ ನೋಡಲು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಒಬ್ಬರೂ ಒಪ್ಪಿಲ್ಲ.

ಡಾಕ್ಟ್ರಮ್ಮನ ಮೇಲಿನವರಿಗೆ ಈ ಯಂತ್ರವನ್ನು ಹೊರದೇಶದಿಂದ ತರಿಸುವ ಹುಚ್ಚು. ತರಿಸುವುದೋ, ಅದಕ್ಕೆ ಕಾಯುವುದರಲ್ಲಿ ಕರು ಹಸುವಾಗಿ ಕರು ಹಾಕುತ್ತದೆ. ಡಾಕ್ಟ್ರಮ್ಮ ಹಟ ಹಿಡಿದರು. "ನಮ್ಮ ಜಿಲ್ಲೆಯಲ್ಲೇ ಮಾಡಿಸ್ತೀನಿ" ಎಂದು ಮೀಟಿಂಗಿನಲ್ಲಿ ಹೇಳಿ ಬಂದುಬಿಟ್ಟರು. ಮೇಲಿನವರು ಒಂದು ಷರತ್ತು ಹಾಕಿದರು. ದೊಡ್ಡ ಡಾಕ್ಟರೊಬ್ಬರು ಬಂದು ನೋಡುತ್ತಾರೆ, ಇದು ಹಸುವಿನ ಹೊಟ್ಟೆಯಂತೆಯೇ ನಡೆದುಕೊಳ್ಳುತ್ತದೆ ಎಂದು ಅವರು ಒಪ್ಪಿದರೆ ಸರಿ, ಇಲ್ಲವಾದರೆ ಹೊರದೇಶದ್ದೇ. ಅಂದರೆ ನಾವು ಸೋತರೆ ನಮ್ಮ ಯಂತ್ರ ಗುಜರಿಗೆ, ಡಾಕ್ಟ್ರಮ್ಮನ ಮಾತು ಗಾಳಿಗೆ, ಹಿಪ್ಪುನೇರಳೆ ಕಡ್ಡಿ ತಿಪ್ಪೆಗೆ. ಊರೆಲ್ಲ ಹೊಟ್ಟೆಪಾಡಿಗೆ ಒಂದೊಂದು ಕೆಲಸ ಮಾಡುತ್ತದೆ. ನಮ್ಮ ಪಾಲಿಗೆ ಮಾತ್ರ ಹೊಟ್ಟೆಯೇ ಹೊಟ್ಟೆಪಾಡಾಯಿತು.

ಜೊಲ್ಲು

ಹಸು ಮೆಲುಕು ಹಾಕುವಾಗ ಜೊಲ್ಲು ನುಂಗುತ್ತಲೇ ಇರುತ್ತದೆ. ಅದರಲ್ಲಿ ಸೋಡಾದಂಥ ಗುಣವಿದೆ, ಹೊಟ್ಟೆ ಹುಳಿಯಾಗದಂತೆ ಅದು ಕಾಯುತ್ತದೆ. ನಮ್ಮ ಯಂತ್ರಕ್ಕೆ ಬಾಯಿಲ್ಲವಾದ್ದರಿಂದ ಜೊಲ್ಲನ್ನೂ ನಾವೇ ಕಲಸಿ ಹನಿಹನಿಯಾಗಿ ಬಿಡಬೇಕು. ಲ್ಯಾಬಿನ ಶುದ್ಧ ಸೋಡಾ ಬರುವುದು ತಡವಾಯಿತು. ಪಂಪು ಸರಿಯಾಗಿ ಹನಿಸುತ್ತದೋ ಇಲ್ಲವೋ ನೋಡಲಿಕ್ಕಾದರೂ ಆಗಲಿ ಎಂದು ಕನಕಪುರದಲ್ಲಿ ನಮ್ಮ ಮನೆ ಹತ್ತಿರದ ದಿನಸಿ ಅಂಗಡಿಗೆ ಹೋದೆ.

"ಅಡಿಗೆ ಸೋಡಾ ಐದು ಕೊಡಿ ಅಣ್ಣ."

"ಐದು ಪಾಕೀಟಾ?"

"ಐದು ಕೆಜಿ."

ಅಂಗಡಿಯವರ ಮುಖ ಅರಳಿತು. "ಬೋಂಡಾ ಅಂಗಡಿ ಮಡಗ್ತಾ ಇದ್ದೀರಾ ಅಕ್ಕಾ? ಒಳ್ಳೇದಾಯ್ತು ಬುಡಿ. ಎಲ್ಲಿ, ಬಸ್‌ಸ್ಟ್ಯಾಂಡ್ ತಾವ್ಲಾ?"

"ಇಲ್ಲಣ್ಣ. ಜೊಲ್ಲು ಮಾಡಕ್ಕೆ."

ತಕ್ಕಡಿಗೆ ಹೋದ ಕೈ ಅಲ್ಲೇ ನಿಂತಿತು. "ಯಾರ್ ಜೊಲ್ಲು?"

"ಹಸೂಂದು."

"ಹಸೀಗೆ ದ್ಯಾವ್ರೇ ಕೊಟ್ಟವ್ನಲ್ಲ ಅಕ್ಕಾ, ಬೇಕಾದಷ್ಟು?"

"ಇದಕ್ಕೆ ಬಾಯಿಲ್ಲ ಅಣ್ಣ. ಬರೀ ಹೊಟ್ಟೆ. ನಾವೇ ಮಾಡಿರೋದು."

ಅವರು ಸೋಡಾ ತೂಗಿದರು, ಕಟ್ಟಿದರು. ಕೊಡುವ ಮೊದಲು ಹಿಂದೆ ತಿರುಗಿ, ಅಕ್ಕಿಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದ ತಮ್ಮ ಬಾಮೈದನನ್ನು ಒಮ್ಮೆ ನೋಡಿದರು. ಆಮೇಲೆ ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿ ಕೇಳಿದರು: "ಅಕ್ಕಾ, ನಮ್ಮನೇಲೂ ಒಂದು ಬರೀ ಹೊಟ್ಟೆ ಬಿದ್ದೈತೆ. ಅದಕ್ಕೂ ಬಾಯಿ ಇಲ್ದಂಗೆ ಮಾಡ್ಕೊಡಕ್ಕಾಯ್ತದಾ?"

ನಾಲ್ಕನೆಯದು ನಿಲ್ಲುತ್ತಿಲ್ಲ

ನಾಲ್ಕು ಜಾಡಿಗಳಲ್ಲಿ ಮೂರು ಒಳ್ಳೆಯ ಮಕ್ಕಳು. ನಾಲ್ಕನೆಯದು ಮೊದಲಿನಿಂದಲೂ ತಲೆಹರಟೆ. ಒಂದು ದಿನ ಬಿಸಿ ನಿಲ್ಲುವುದಿಲ್ಲ, ಇನ್ನೊಂದು ದಿನ ಬುಡದಲ್ಲಿ ಸೋರುತ್ತದೆ. ಅವತ್ತು ಕನಕಪುರದಿಂದ ಹಾರೋಹಳ್ಳಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೆ. ಭಾಯ್ ಫೋನು ಮಾಡಿದರು. ಬಸ್ಸಿನ ಸದ್ದಿನಲ್ಲಿ ಅವರ ಮಾತು ನನಗೆ ಕೇಳದು, ನನ್ನ ಮಾತು ಅವರಿಗೆ ಕೇಳದು. ಆದ್ದರಿಂದ ಇಡೀ ಬಸ್ಸಿಗೆ ಕೇಳಿತು.

"ಏನು ಭಾಯ್? ಮೂರು ಚೆನ್ನಾಗವೆ ಅಲ್ವಾ? ಮತ್ತೆ? ನಾಕನೇದು ನಿಲ್ತಾ ಇಲ್ವಾ? ಅಯ್ಯೋ! ಏನು, ಸೋರ್ತಾ ಐತಾ? ಹೆಂಗಾದ್ರೂ ಮಾಡಿ ನಿಲ್ಲಿಸ್ಲೇಬೇಕು ಭಾಯ್. ನಾಲ್ಕು ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ನಾನು ಬರೋವರ್ಗೂ ಅದನ್ನ ಅಲ್ಲಾಡಿಸ್ಬೇಡಿ!"

ಫೋನು ಇಟ್ಟು ನೋಡುತ್ತೇನೆ, ಬಸ್ಸೆಲ್ಲ ನನ್ನ ಕಡೆಗೇ ತಿರುಗಿದೆ. ಮುಂದಿನ ಸೀಟಿನಲ್ಲಿದ್ದ ಒಬ್ಬರು ತಟ್ಟನೆ ಎದ್ದು, "ಕೂತ್ಕೊಳಿ ಅಕ್ಕಾ, ನಿಂತ್ಕಬ್ಯಾಡಿ" ಎಂದರು. ಕೂತೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಎಷ್ಟು ತಿಂಗ್ಳವ್ವಾ?"

ನನ್ನ ತಲೆಯಲ್ಲಿ ಜಾಡಿಯೇ ಇತ್ತು. "ನಾಕು ತಿಂಗಳಿಂದ ಒದ್ದಾಡ್ತಾ ಇದೀನಜ್ಜಿ. ಮೂರು ಸಲೀಸಾಗಿ ಆಗೋದ್ವು. ಇದೊಂದೇ."

"ನಿಮ್ಮನೆಯೋರು ನಾಕು ಬೇಕೇ ಬೇಕು ಅಂತಾವ್ರಾ?"

"ಮನೆಯೋರಲ್ಲಜ್ಜಿ, ಡಾಕ್ಟ್ರು."

ಅಜ್ಜಿ ಕೆನ್ನೆಗೆ ಕೈಯಿಟ್ಟುಕೊಂಡರು. "ಡಾಕ್ಟ್ರೇ ನಾಕು ಬೇಕು ಅಂತಾವ್ರಾ! ನಮ್ಮ ಕಾಲ್ದಲ್ಲಿ ಎಲ್ಡು ಸಾಕು ಅಂತ ಗೋಡೆ ಮ್ಯಾಲೆಲ್ಲ ಬರೀತಿದ್ರು. ನೋಡವ್ವಾ, ಮೂರವೆ, ಸಾಕು. ಆಪರೇಸನ್ ಮಾಡಿಸ್ಕಂಬುಡು. ಆ ಡಾಕ್ಟ್ರ ಮಾತು ಕೇಳ್ಬ್ಯಾಡ."

ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಹಾರೋಹಳ್ಳಿ ಇನ್ನೂ ದೂರವಿತ್ತು, ಸೀಟು ಚೆನ್ನಾಗಿತ್ತು.

ಎಮ್ಮೆಗಾದರೆ ಮೊದಲೇ ಹೇಳಿ

ಜಾಡಿಯ ಬಾಯಿಗೆ ಬಿಗಿಯಾದ ಬಿರಡೆ ಬೇಕಿತ್ತು. ಒಳಗಿನ ಗ್ಯಾಸು ಹೊರಗೆ ಹೋಗಬಾರದು, ಹೊರಗಿನ ಗಾಳಿ ಒಳಗೆ ಬರಬಾರದು. ನಾವು ತರಿಸಿದ ಪ್ಲಾಸ್ಟಿಕ್ ಬಿರಡೆಗಳು ಬಿಸಿಗೆ ಸಡಿಲವಾಗಿ ಜಾರಿಕೊಳ್ಳುತ್ತಿದ್ದವು. ಭಾಯ್ ಹೇಳಿದರು: "ಅಕ್ಕಾ, ಟೆನ್ಶನ್ ಬೇಡ. ಚನ್ನಪಟ್ಟಣದಲ್ಲಿ ನಮ್ಮ ಚಾಚಾ ಅವ್ರೆ. ಲೇತ್ ಮೇಲೆ ಮರ ಹಿಡಿದ್ರೆ ಬೆಣ್ಣೆ ತರ ಬತ್ತದೆ."

ಚಾಚಾ ಬೊಂಬೆ ಮಾಡುವವರು. ನಾವು ಜಾಡಿ ಮುಂದಿಟ್ಟಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಗಂಭೀರವಾಗಿ ಕೇಳಿದರು: "ಎಷ್ಟು ವರ್ಷದ ಮಗುವಿಗೆ?"

"ಮಗುವಿಗಲ್ಲ ಚಾಚಾ, ಹಸುವಿಗೆ" ಎಂದರು ಭಾಯ್.

"ಹಸು ಆಟ ಆಡ್ತದಾ?"

"ಆಡಲ್ಲ. ಇದು ಹೊಟ್ಟೆ. ಹೊಟ್ಟೆ ಮುಚ್ಚಕ್ಕೆ ಬಿರಡೆ ಬೇಕು."

ಚಾಚಾಗೆ ಏನರ್ಥವಾಯಿತೋ, "ಆಯ್ತು, ಹೋಗ್ಬನ್ನಿ" ಎಂದರು. ನಾವು ಮತ್ತೆ ಹೋದಾಗ ನಾಲ್ಕು ಬಿರಡೆ ಸಿದ್ಧವಾಗಿದ್ದವು. ಹಾಲೆಮರದವು, ನುಣುಪೆಂದರೆ ಕೆನ್ನೆಗೆ ಒತ್ತಿಕೊಳ್ಳುವಷ್ಟು ನುಣುಪು. ಸುತ್ತ ರಬ್ಬರ್ ಉಂಗುರ ಕೂರಿಸಲು ಸಣ್ಣ ಕಚ್ಚನ್ನೂ ಕೊರೆದಿದ್ದರು. ಜಾಡಿಗೆ ಇಟ್ಟರೆ ಟಪ್ ಎಂದು ಕೂತಿತು. ಎಲ್ಲ ಸರಿ, ಆದರೆ ಒಂದಕ್ಕೆ ಕೆಂಪು ಅರಗು, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ನಡುವೆ ಬಿಳಿ ಗೆರೆ ಬೇರೆ. ಹೋಗಲಿ ಎಂದು ಒಂದನ್ನು ಕೈಗೆತ್ತಿಕೊಂಡರೆ ಒಳಗೆ ಗಲಗಲ ಸದ್ದು.

"ಚಾಚಾ, ಒಳಗೇನಿದೆ?"

"ಮಣಿ. ಸುಮ್ನೆ ಮುಚ್ಚಿಕೊಂಡು ಕೂತ್ರೆ ಏನು ಮಜಾ?"

ಬಹಳ ಬೇಡಿಕೊಂಡ ಮೇಲೆ ಮಣಿ ತೆಗೆದುಕೊಟ್ಟರು. ಬಣ್ಣ ಮಾತ್ರ ತೆಗೆಯಲಿಲ್ಲ. ಅರಗಿನ ಬಣ್ಣ, ಮಕ್ಕಳು ಬಾಯಿಗಿಟ್ಟುಕೊಂಡರೂ ಏನೂ ಆಗದು, ಹಸುವಿಗೆ ಏನಾದೀತು ಎಂಬುದು ಅವರ ವಾದ. ಡಾಕ್ಟ್ರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಖುಷಿಯೋ ಖುಷಿ. ಅವತ್ತಿನಿಂದ ಒಂದನೇ ಜಾಡಿ, ಎರಡನೇ ಜಾಡಿ ಎನ್ನುವುದು ಹೋಗಿ ಕೆಂಪು ಹೊಟ್ಟೆ, ಹಳದಿ ಹೊಟ್ಟೆ ಎಂದಾಯಿತು. ತಲೆಹರಟೆ ನಾಲ್ಕನೆಯದಕ್ಕೆ ಹಸಿರು ಬಿದ್ದಿತು. ಬುಡಕ್ಕೆ ಹೊಸ ವಾಷರ್ ಹಾಕಿದ ಮೇಲೆ ಅದೂ ತಕ್ಕಮಟ್ಟಿಗೆ ಮಾತು ಕೇಳತೊಡಗಿತು.

ಅವತ್ತು ಬಿರಡೆ ತೆಗೆದುಕೊಂಡು ನಾವು ಹೊರಡುವಾಗ ಚಾಚಾ ಹಿಂದೆಯೇ ಬಾಗಿಲವರೆಗೆ ಬಂದರು. "ಅಮ್ಮಾ, ಮುಂದೆ ಎಮ್ಮೆ ಹೊಟ್ಟೆ ಮಾಡೋದಿದ್ರೆ ಮೊದ್ಲೇ ಹೇಳಿ. ಕಪ್ಪು ಅರಗು ತರಿಸ್ಬೇಕು."

ಫ್ಲಾಸ್ಕು

ಜೀವಿಗಳಿರುವ ರಸ ತರಬೇಕಲ್ಲ. ಮಾಗಡಿ ಕಡೆ ಡಾಕ್ಟ್ರಮ್ಮನವರ ಫಾರಮ್ಮಿನಲ್ಲಿ ಪಕ್ಕೆಗೆ ಸಣ್ಣ ಮುಚ್ಚಳ ಕೂರಿಸಿದ ಒಂದು ಹಸುವಿದೆ. ಅದು ತನ್ನ ಪಾಡಿಗೆ ಹುಲ್ಲು ತಿನ್ನುತ್ತಿರುತ್ತದೆ, ಇವರು ಮುಚ್ಚಳ ತೆಗೆದು ಹೊಟ್ಟೆಯ ರಸ ತೆಗೆದುಕೊಳ್ಳುತ್ತಾರೆ. ಅದನ್ನು ಬಿಸಿ ಆರದಂತೆ, ಗಾಳಿ ತಾಗದಂತೆ ಫ್ಲಾಸ್ಕಿನಲ್ಲಿ ತುಂಬಿ ಓಡಿಬರಬೇಕು. ಗಾಳಿ ತಾಗಿತೋ, ಒಳಗಿನ ಜೀವಿಗಳ ಕತೆ ಮುಗಿಯಿತು.

ಆಗ ಎಲೆಕ್ಷನ್ ಸಮಯ. ಗುಡೇಮಾರನಹಳ್ಳಿ ನನ್ನ ತವರು, ಹೋಗುವಾಗ ಅಮ್ಮನನ್ನು ನೋಡಿಕೊಂಡು ಹೋದೆ, ಬರುವಾಗಲೂ ಆ ದಾರಿಯಿಂದಲೇ ಬಂದೆ. ಬಂದು ಚೆಕ್‌ಪೋಸ್ಟಿಗೆ ಸಿಕ್ಕಿಕೊಂಡೆ. ಸಾಹೇಬರೊಬ್ಬರು ಕಾರಿನೊಳಗೆ ಇಣುಕಿ, ಸೀಟುಬೆಲ್ಟು ಹಾಕಿ ಕೂರಿಸಿದ್ದ ನಾಲ್ಕು ದೊಡ್ಡ ಫ್ಲಾಸ್ಕು ನೋಡಿದರು.

"ಏನಿದು?"

"ಹಸುವಿನ ಹೊಟ್ಟೆಯ ರಸ ಸಾರ್. ದಯವಿಟ್ಟು ತೆಗೀಬೇಡಿ, ಸತ್ತು ಹೋಗ್ತವೆ."

"ಯಾರು ಸಾಯ್ತಾರೆ?"

"ಒಳಗಿರೋರು ಸಾರ್."

ಇಷ್ಟು ಹೇಳಿದ ಮೇಲೆ ಯಾವ ಸಾಹೇಬರು ತೆಗೆಯದೆ ಬಿಟ್ಟಾರು? ಒಂದರ ಮುಚ್ಚಳ ತಿರುಗಿಸಿ ಮೂಗು ಹತ್ತಿರ ಒಯ್ದರು. ಆಮೇಲೆ ಸ್ವಲ್ಪ ಹೊತ್ತು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ವಾಪಸು ಬಂದಾಗ ಕಣ್ಣಲ್ಲಿ ನೀರಿತ್ತು, ಆದರೆ ಡ್ಯೂಟಿ ಬಿಡಲಿಲ್ಲ. "ಏನೇ ಇರಲಿ, ಹಂಚೋಕೆ ತಗೊಂಡು ಹೋಗ್ತಾ ಇದ್ದೀರಾ ಅಂತ ಅನುಮಾನ ಇದೆ. ಬರ್ಕೊಳಿ" ಎಂದು ಪಕ್ಕದಲ್ಲಿದ್ದ ಪೇದೆಗೆ ಹೇಳಿದರು.

ಆ ಪೇದೆ ಆ ಕಡೆಯ ಹಳ್ಳಿಯವರೇ ಇರಬೇಕು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹೇಳಿದರು: "ಬುಟ್ಬುಡಿ ಸಾ. ಇದನ್ನ ಹಂಚಿದ್ರೆ ಇರೋ ವೋಟೂ ಹೊಂಟೋಯ್ತವೆ."

ಹಬ್ಬದ ಹಸು

ಕೊನೆಗೂ ದೊಡ್ಡ ಡಾಕ್ಟರು ಬರುವ ದಿನ ಗೊತ್ತಾಯಿತು. ಅವರು ಬರುವ ಹೊತ್ತಿಗೆ ಯಂತ್ರ ಹಲವು ದಿನ ನಿಲ್ಲದೆ ನಡೆದಿರಬೇಕು. ಡಾಕ್ಟ್ರಮ್ಮ ತಾವೇ ರಸ ತುಂಬಿಸಿ, ಮೇವಿನ ಚೀಲ ಇಳಿಬಿಟ್ಟು, ಕಣ್ಣುಮುಚ್ಚಿ ಒಂದು ಕ್ಷಣ ನಿಂತು ಶುರು ಮಾಡಿದರು. ಚೀಲಗಳು ಮೇಲೆ ಕೆಳಗೆ ಆಡತೊಡಗಿದವು, ಜೊಲ್ಲು ಹನಿಯಿತು, ಗ್ಯಾಸಿನ ಚೀಲಗಳು ಮೆಲ್ಲಗೆ ಉಸಿರು ತುಂಬಿಕೊಂಡವು. ಹಸಿರು ಹೊಟ್ಟೆಯೂ ತೆಪ್ಪಗೆ ಮೇಯುತ್ತಿತ್ತು. ನನಗೆ ಇದು ಗೆಲ್ಲುತ್ತದೆ ಎಂಬ ನಂಬಿಕೆ ಬಂದದ್ದು ಆವಾಗಲೇ.

ಆದರೆ ಯಾರೂ ಕ್ಯಾಲೆಂಡರು ನೋಡಿರಲಿಲ್ಲ. ದೊಡ್ಡ ಡಾಕ್ಟರು ಬರುವ ಹಿಂದಿನ ದಿನ ನಮ್ಮ ಶೆಡ್ಡಿನಲ್ಲಿ ಆಯುಧಪೂಜೆ. ರಜೆ ಶುರುವಾಗುವ ಮೊದಲೇ, ಎಲ್ಲರೂ ಇರುವಾಗಲೇ ಪೂಜೆ ಮುಗಿಸುವುದು ನಮ್ಮ ಕಡೆಯ ಶೆಡ್ಡುಗಳ ಪದ್ಧತಿ. ಯಂತ್ರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಇಟ್ಟು, ಚೆಂಡುಹೂ ಸುತ್ತಿ, ಸ್ವಿಚ್ಚು ಆರಿಸಿ ಬಿಡಬೇಕು. ಅವತ್ತು ಅವಕ್ಕೆ ವಿಶ್ರಾಂತಿ.

ನಮ್ಮ ಫಿಟ್ಟರು ಹೊಟ್ಟೆ ಯಂತ್ರದ ಸ್ವಿಚ್ಚಿಗೂ ಕೈ ಹಾಕಿದ. ನಾನು ಚೀರಿದೆ.

"ಅಕ್ಕಾ, ಪೂಜೆ ದಿವ್ಸ ಯಾವ್ ಮಿಷಿನ್ನೂ ಓಡಬಾರ್ದು. ಓಡುದ್ರೆ ವರ್ಸೆಲ್ಲ ಕಾಟ ಕೊಡ್ತದೆ" ಎಂದ ಅವನು.

"ನಿಲ್ಲಿಸಿದ್ರೆ ಒಳಗಿರೋ ಜೀವ ಎಲ್ಲಾ ಸಾಯ್ತವಪ್ಪಾ! ನಾಳೆ ದೊಡ್ಡ ಡಾಕ್ಟ್ರಿಗೆ ಏನು ತೋರಿಸ್ಲಿ, ನಿನ್ನ ಮುಖಾನಾ?"

ಅವನೂ ಬಿಡ, ನಾನೂ ಬಿಡೆ. ಶೆಡ್ಡು ಎರಡು ಪಂಗಡವಾಯಿತು. ತೆಂಗಿನಕಾಯಿ ಹಿಡಿದವರು ಹಿಡಿದೇ ನಿಂತರು. ಆಗ ಭಾಯ್ ಮುಂದೆ ಬಂದು ತೀರ್ಪು ಕೊಟ್ಟರು: "ಜಗಳ ಯಾಕ್ರಪ್ಪಾ? ಇದು ಮಿಷಿನ್ ಅಲ್ಲವೇ ಅಲ್ಲ. ಹಸು. ತಿಂತದೆ, ಅರಗಿಸ್ತದೆ, ಗ್ಯಾಸ್ ಬಿಡ್ತದೆ. ಹಬ್ಬ ಅಂತ ಹಸೂನ ಯಾರಾದ್ರೂ ಸ್ವಿಚ್ ಆಫ್ ಮಾಡ್ತಾರಾ?"

ಫಿಟ್ಟರು ಸ್ವಿಚ್ಚಿನಿಂದ ಕೈ ತೆಗೆದ. ಹಸು ಎಂದು ಎಲ್ಲರೂ ಒಪ್ಪಿದರು. ಅದಕ್ಕೂ ಕುಂಕುಮವಿಟ್ಟು ಹೂ ಸುತ್ತಿದರು. ಮಂಗಳಾರತಿಯಾಯಿತು, ಸಿಹಿ ಪೊಂಗಲ್ ಹಂಚಿದರು, ಎಲ್ಲರೂ ಮನೆಗೆ ಹೋದೆವು. ಶೆಡ್ಡು ಗುಡಿಸುವ ಅಜ್ಜಮ್ಮ ಮಾತ್ರ ಉಳಿದ ಹೂವು ಎಲೆ ಬಳಿಯಲು ಉಳಿದುಕೊಂಡರು.

ಮರುದಿನ ಬೆಳಿಗ್ಗೆ ನಾನೂ ಡಾಕ್ಟ್ರಮ್ಮನೂ ಶೆಡ್ಡಿನ ಬಾಗಿಲು ತೆಗೆದೆವು, ಭಾಯ್ ಮತ್ತು ಫಿಟ್ಟರು ಹಿಂದೆಯೇ ಬಂದರು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಗ್ಯಾಸಿನ ಚೀಲಗಳು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿದ್ದವು. ಕೆಂಪು ಬಿರಡೆ ಹಾರಿ ಚೆಂಡುಹೂವಿನ ಹಾರದಲ್ಲಿ ಸಿಕ್ಕಿಕೊಂಡಿತ್ತು. ಹಳದಿ ಹೊಟ್ಟೆಯಿಂದ ನೊರೆ ಉಕ್ಕಿ ತೊಟ್ಟಿಗೆ ಇಳಿಯುತ್ತಿತ್ತು. ನೀಲಿಯದು ಗುಡುಗುಡು ಎಂದು ಕುದಿಯುತ್ತಿತ್ತು. ಹಸಿರು ಹೊಟ್ಟೆಯೊಂದೇ ಏನೂ ಆಗದವರಂತೆ ಮೇಯುತ್ತಿತ್ತು.

ಡಾಕ್ಟ್ರಮ್ಮ ಟೂಲ್‌ಬಾಕ್ಸಿನ ಮೇಲೆ ಕೂತುಬಿಟ್ಟರು. "ಮುಗೀತು" ಎಂದರು ಅಷ್ಟೇ. ನನಗೆ ಅಳು ಬಂತು. ಅಷ್ಟೂ ತಿಂಗಳ ದುಡಿಮೆಗಿಂತ, ನಮ್ಮನ್ನು ನಂಬಿ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಿದ ಹೆಣ್ಣುಮಗಳು ಹೀಗೆ ತಲೆ ತಗ್ಗಿಸಿ ಕೂತದ್ದು ನೋಡಲಾಗಲಿಲ್ಲ. ಒರೆಸಿ ತೊಳೆಯಲೂ ಸಮಯವಿರಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು.

ದೊಡ್ಡ ಡಾಕ್ಟರು ಬಿಳಿಕೂದಲಿನ ತೆಳ್ಳನೆಯ ಮನುಷ್ಯ. ಒಳಗೆ ಬಂದವರೇ ಮೂಗೆಳೆದರು. ನಾವು ಏನಾದರೂ ಹೇಳುವ ಮೊದಲೇ ಕೈಯೆತ್ತಿ ತಡೆದು, ಉಬ್ಬಿದ ಚೀಲವನ್ನು ಹಸುವಿನ ಪಕ್ಕೆ ತಟ್ಟುವಂತೆ ಬೆರಳಿನಿಂದ ತಟ್ಟಿದರು. ನೊರೆಗೆ ಒಂದು ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದರು. ಆಮೇಲೆ ತಿರುಗಿ ಕೇಳಿದರು:

"ನಿನ್ನೆ ಇಲ್ಲಿ ಹಬ್ಬ ಇತ್ತಾ?"

"ಹೌದು ಸಾರ್, ಆಯುಧಪೂಜೆ."

"ಇದಕ್ಕೆ ಸಿಹಿ ಪೊಂಗಲ್ ತಿನ್ನಿಸಿದ್ದು ಯಾರು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಾಕ್ಟ್ರಮ್ಮ ಎದ್ದು ನಿಂತು, "ಸಾರ್, ಲ್ಯಾಬ್ ಎಕ್ವಿಪ್‌ಮೆಂಟಿಗೆ ಯಾರು ಸಾರ್ ಪೊಂಗಲ್..." ಎನ್ನುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಸಣ್ಣ ದನಿ ಬಂತು.

"ನಾನೇ ಸ್ವಾಮಿ." ಅಜ್ಜಮ್ಮ ಪೊರಕೆಯನ್ನು ಎದೆಗವಚಿಕೊಂಡು ನಿಂತಿದ್ದರು. "ಭಾಯಪ್ಪಾರು ಇದು ಹಸ ಅಂದ್ರು. ಹಬ್ಬದ್ ದಿವ್ಸ ನಾವೆಲ್ಲ ಉಂಡು, ಹಸೀಗೆ ಒಣಕಡ್ಡಿ ಹಾಕುದ್ರೆ ದ್ಯಾವ್ರು ಮೆಚ್ತಾನಾ? ಬಿರಡೆ ತಗ್ದು ಒಂದೊಂದು ಹಿಡಿ ಹಾಕ್ದೆ. ಬಾಳೆಹಣ್ಣೂವೆ."

ದೊಡ್ಡ ಡಾಕ್ಟರು ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ನಾನು ಹಳ್ಳಿ ದನದ ಆಸ್ಪತ್ರೇಲಿ ಇದ್ದಾಗ ಸಂಕ್ರಾಂತಿ ಮಾರನೇ ದಿನ ಬಾಗಿಲು ತೆಗೆದ್ರೆ ಇದೇ ಕೇಸು. ಪೊಂಗಲ್ ತಿಂದು ಹೊಟ್ಟೆ ಉಬ್ಬಿಸ್ಕೊಂಡ ಹಸುಗಳ ಸಾಲು. ಇದೇ ವಾಸನೆ, ಇದೇ ನೊರೆ, ಇದೇ ಹುಳಿ. ಹಸುವಿನಂಗೇ ನಡ್ಕೊಳುತ್ತಾ ನೋಡ್ಕೊಂಡು ಬಾ ಅಂತ ನನ್ನ ಕಳಿಸಿದ್ರು. ಇದಕ್ಕಿಂತ ಹಸು ಇನ್ನೇನಾಗಬೇಕಮ್ಮಾ?" ಎಂದು ಡಾಕ್ಟ್ರಮ್ಮನ ತಲೆಯ ಮೇಲೆ ಕೈಯಿಟ್ಟರು. "ತೊಳೆದು, ಹೊಸ ರಸ ಹಾಕಿ, ಲ್ಯಾಬಿಗೆ ತಗೊಂಡು ಹೋಗು. ನಿನ್ನ ಹಿಪ್ಪುನೇರಳೆ ಕಡ್ಡಿ ಶುರು ಮಾಡು."

ಡಾಕ್ಟ್ರಮ್ಮ ಅತ್ತೇಬಿಟ್ಟರು. ಭಾಯ್ ಮೇಲೆ ನೋಡಿ ಕೈಯೆತ್ತಿದರು. ಫಿಟ್ಟರು ಉಳಿದಿದ್ದ ಒಂದು ತೆಂಗಿನಕಾಯಿಯನ್ನು ಆಗಲೇ ಒಡೆದುಬಿಟ್ಟ.

ದೊಡ್ಡ ಡಾಕ್ಟರು ಮಾತ್ರ ಇನ್ನೂ ಹಸಿರು ಹೊಟ್ಟೆಯ ಮುಂದೆ ಬಗ್ಗಿ ನಿಂತಿದ್ದರು. "ನೋಡಿ, ಮೂರಕ್ಕೆ ತಿನ್ನಿಸಿ, ಹೋಲಿಸಿ ನೋಡಕ್ಕೆ ಅಂತ ಒಂದನ್ನ ಹಾಗೇ ಬಿಟ್ಟಿದ್ದಾರೆ. ನನ್ನ ಪಿಎಚ್‌ಡಿ ಹುಡುಗರಿಗೆ ಇಷ್ಟನ್ನ ಕಲಿಸೋದರಲ್ಲಿ ನನ್ನ ಕೂದಲು ಬೆಳ್ಳಗಾಯ್ತು" ಎಂದರು. ಆಮೇಲೆ ಬಹಳ ಗೌರವದಿಂದ ಅಜ್ಜಮ್ಮನ ಕಡೆ ತಿರುಗಿದರು. "ಯಾಕಮ್ಮಾ, ಈ ನಾಲ್ಕನೇದಕ್ಕೆ ಪೊಂಗಲ್ ಹಾಕಲಿಲ್ಲ?"

"ಮೂರಕ್ಕೆ ಹಾಕೋ ಹೊತ್ಗೆ ಮುಗ್ದೋಯ್ತು ಸ್ವಾಮಿ. ಪಾಪ, ಅದೊಂದು ಉಪಾಸ ಬಿದ್ದೈತೆ" ಎಂದ ಅಜ್ಜಮ್ಮ ಸೆರಗಿನಡಿಯಿಂದ ಒಂದು ಡಬ್ಬಿ ಹೊರತೆಗೆದರು. "ಅದ್ಕೇ ಮನೆಯಿಂದ ಮಾಡ್ಕಂಡು ತಂದಿವ್ನಿ. ಈಗ ಹಾಕ್ಲಾ?"